ಹೆಸರಿನ ಕೊನೆಯಲ್ಲಿ ‘ರೋಡ್’ ಇದ್ದರೆ ಊರು ಇನ್ನೂ ದೂರ

ಕರಾವಳಿಗೆ ಮೊದಲ ಸಲ ಹೊರಡುವ ಗೆಳೆಯರೆಲ್ಲ ಬೆಂಗಳೂರಿನಿಂದ ಎಷ್ಟು ಹೊತ್ತಿನ ದಾರಿ ಎಂದು ವಿಚಾರಿಸುತ್ತಾರೆ. ಘಟ್ಟ ಇಳಿಯುವುದು ಒಂದು ರಾತ್ರಿಯ ಮಾತು, ನಿದ್ದೆಯಲ್ಲೇ ಮುಗಿದುಹೋಗುತ್ತದೆ. ಇಳಿದ ಮೇಲೆ ಊರು ಸೇರಲು ಉಳಿಯುವ ನಾಲ್ಕೈದು ಕಿಲೋಮೀಟರಿನ ಬಗ್ಗೆ ಮಾತ್ರ ಯಾರೂ ವಿಚಾರಿಸುವುದಿಲ್ಲ.

ಕುಂದಾಪುರದವನಾದ ನನಗೆ ಬೆಂಗಳೂರಿನಿಂದ ಕಾರವಾರಕ್ಕೆ ಹೋಗುವ ಪಂಚಗಂಗಾ ಎಕ್ಸ್‌ಪ್ರೆಸ್ ಮೇಲೆ ತುಸು ಹೆಚ್ಚೇ ಮಮತೆ, ಏಕೆಂದರೆ ಆ ಹೆಸರು ಬಂದಿರುವುದೇ ನಮ್ಮೂರಿನ ಬಳಿ ಕಡಲು ಸೇರುವ ಐದು ನದಿಗಳಿಂದ. ಸಕಲೇಶಪುರ ದಾಟಿದ ಮೇಲೆ ಸುಮಾರು 55 ಕಿಲೋಮೀಟರಿನ ಘಟ್ಟದಲ್ಲಿ 57 ಸುರಂಗಗಳನ್ನು ಹಾದು ಅದು ಸುಬ್ರಹ್ಮಣ್ಯ ರೋಡ್ ನಿಲ್ದಾಣಕ್ಕೆ ಇಳಿಯುತ್ತದೆ. ಈ ‘ರೋಡ್’ ಎಂಬ ಬಾಲವನ್ನು ಹೊಸಬರು ಗಮನಿಸಬೇಕು. ಈ ನಿಲ್ದಾಣವಿರುವುದು ನೆಟ್ಟಣದಲ್ಲಿ, ದೇವಸ್ಥಾನ ಅಲ್ಲಿಂದ ಹನ್ನೆರಡು ಕಿಲೋಮೀಟರಿನಷ್ಟು ಆಚೆ. ಗೋಕರ್ಣ ರೋಡ್ ನಿಲ್ದಾಣದಲ್ಲಿ ಇಳಿದವರು ಸುಮಾರು ಹತ್ತು ಕಿಲೋಮೀಟರ್ ಹೋಗಬೇಕು. ಮೂಕಾಂಬಿಕಾ ರೋಡ್ ಬೈಂದೂರಿನಲ್ಲಿ ಇಳಿದು ಕೊಲ್ಲೂರು ಎಲ್ಲಿ ಎಂದು ಕೇಳುವವರಿಗೆ ಇನ್ನೂ ಇಪ್ಪತ್ತೆಂಟು ಕಿಲೋಮೀಟರ್ ಬಾಕಿ ಇರುತ್ತದೆ.

ನಮ್ಮೂರಿನ ನಿಲ್ದಾಣಕ್ಕೆ ಈ ಬಾಲ ಇಲ್ಲದಿದ್ದರೂ ಅದಿರುವುದು ಮೂಡ್ಲಕಟ್ಟೆಯಲ್ಲಿ. ಕುಂದಾಪುರ, ಹೊನ್ನಾವರ, ಕಾರವಾರದಂಥ ಹಳೆಯ ಊರುಗಳು ಕಡಲ ವ್ಯಾಪಾರವನ್ನು ನಂಬಿಕೊಂಡು ಅಳಿವೆಯ ಬಾಯಲ್ಲಿ ಬೆಳೆದವು. 1998ರಲ್ಲಿ ರೋಹಾದಿಂದ ಮಂಗಳೂರಿನ ಹತ್ತಿರದ ತೋಕೂರಿನವರೆಗೆ 741 ಕಿಲೋಮೀಟರ್ ಉದ್ದಕ್ಕೆ ಪೂರ್ತಿಯಾಗಿ ತೆರೆದುಕೊಂಡ ಕೊಂಕಣ ರೈಲು ಮಾತ್ರ ಒಳನಾಡಿನ ಗುಡ್ಡಗಳ ಬುಡ ಹಿಡಿದು ಸಾಗಿತು. ಹಾಗಾಗಿ ಬೆಳಗಿನ ಜಾವ ಮೂಡ್ಲಕಟ್ಟೆಯಲ್ಲಿ ಇಳಿದರೆ ಬಸ್ಸಿನ ಸದ್ದೇ ಇರುವುದಿಲ್ಲ. ಹೊರಗೆ ಸಾಲಾಗಿ ನಿಂತ ರಿಕ್ಷಾಗಳ ಪೈಕಿ ಮೊದಲನೆಯದರಿಂದ “ಎಲ್ಲಿಗ್ ಹೋಯ್ಕ್ ಮಾರಾಯ್ರೆ?” ಎಂಬ ದನಿ ಕೇಳುತ್ತದೆ. ಬಾಡಿಗೆಯ ಚರ್ಚೆ ಅರ್ಧ ನಿಮಿಷದಲ್ಲಿ ಮುಗಿಯುತ್ತದೆ, ಆ ಹೊತ್ತಿನಲ್ಲಿ ಬೇರೆ ದಾರಿ ಇಲ್ಲವೆಂಬುದು ಇಬ್ಬರಿಗೂ ಗೊತ್ತಿರುವುದರಿಂದ.

ಬೆಳಗಾದ ಮೇಲೆ ಎಲ್ಲವೂ ಸಲೀಸು. ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳಲ್ಲಿ ಇಂದಿಗೂ ಖಾಸಗಿ ಬಸ್ಸುಗಳದ್ದೇ ಕಾರುಬಾರು. ಕೈ ತೋರಿಸಿದಲ್ಲೆಲ್ಲ ನಿಲ್ಲುವ ‘ಸರ್ವಿಸ್’ ಬಸ್ಸು ಬೇರೆ, ದೊಡ್ಡ ಊರುಗಳಲ್ಲಿ ಮಾತ್ರ ನಿಲ್ಲುವ ‘ಎಕ್ಸ್‌ಪ್ರೆಸ್’ ಬೇರೆ. ಶಾಸ್ತ್ರಿ ಸರ್ಕಲ್ಲಿನಲ್ಲಿ ಬಸ್ಸು ಪೂರ್ತಿ ನಿಲ್ಲುವ ಮೊದಲೇ ನಿರ್ವಾಹಕ ಮೆಟ್ಟಿಲಿನಿಂದ ಹಾರಿ, ಉಡುಪಿ ಉಡುಪಿ ಎಂದು ಒಂದೇ ಉಸಿರಿನಲ್ಲಿ ಕೂಗಿ, ನಮ್ಮ ಚೀಲವನ್ನು ತಾನೇ ಒಳಗೆಸೆದು, ಬಾಯಲ್ಲಿದ್ದ ಸೀಟಿ ಊದಿ, ಓಡುವ ಬಸ್ಸನ್ನು ಮತ್ತೆ ಹತ್ತುತ್ತಾನೆ. ಮಂಗಳೂರಿನ ಕಡೆ ಇದೇ ಕೆಲಸ “ರೈಟ್ ಪೋಯಿ” ಎಂಬ ಎರಡು ಪದಗಳಲ್ಲಿ ಆಗುತ್ತದೆ. ಮಂಗಳೂರಿನಲ್ಲಿ ‘ಸ್ಟೇಟ್ ಬ್ಯಾಂಕ್’ ಎಂದರೆ ಹಣ ಕಟ್ಟುವ ಜಾಗವಲ್ಲ, ಸಿಟಿ ಬಸ್ಸುಗಳ ಕೊನೆಯ ನಿಲ್ದಾಣ. ಸರಕಾರಿ ಬಸ್ಸು ಬೇಕಾದವರು ಬಿಜೈಗೆ ಹೋಗಬೇಕು. ಇದು ತಿಳಿಯದೆ ನನ್ನ ಸಹೋದ್ಯೋಗಿಯೊಬ್ಬರು ಬೆಂಗಳೂರಿನ ರಾತ್ರಿ ಬಸ್ಸನ್ನು ಸ್ಟೇಟ್ ಬ್ಯಾಂಕಿನಲ್ಲಿ ಹುಡುಕುತ್ತ ನಿಂತಿದ್ದರು.

ಈ ವ್ಯವಸ್ಥೆಯನ್ನು ಎಷ್ಟು ಮೆಚ್ಚಿದರೂ ನನ್ನ ಅಮ್ಮನದು ಬೇರೆಯೇ ಲೆಕ್ಕ. 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯ ಉಚಿತ ಪ್ರಯಾಣ ಸರಕಾರಿ ಬಸ್ಸುಗಳಿಗೆ ಮಾತ್ರ ಅನ್ವಯಿಸುವುದರಿಂದ, ಆಧಾರ್ ಕಾರ್ಡನ್ನು ಪರ್ಸಿನಲ್ಲಿಟ್ಟುಕೊಂಡು ಅವರು ಸಾಲಾಗಿ ಬಂದ ಖಾಸಗಿ ಬಸ್ಸುಗಳನ್ನು ಬಿಟ್ಟು ಕೊಡುತ್ತ ನಿಲ್ಲುತ್ತಾರೆ. ಶಿರೂರು ದಾಟಿ ಭಟ್ಕಳದ ಕಡೆ ಹೋದರೆ ವಾಯವ್ಯ ಸಾರಿಗೆಯ ಬಸ್ಸುಗಳೇ ಹೆಚ್ಚು, ಅಲ್ಲಿ ಅವರಿಗೆ ಈ ಕಷ್ಟವಿಲ್ಲ. ಅಂದ ಹಾಗೆ, ಶಿರೂರು ಎಂಬ ಊರು ಈ ಹೆದ್ದಾರಿಯಲ್ಲಿ ಎರಡಿದೆ. 2024ರ ಜುಲೈ 16ರಂದು ಗುಡ್ಡ ಕುಸಿದದ್ದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ. ಬೈಂದೂರಿನ ಶಿರೂರೆಂದು ಭಾವಿಸಿ ಅಂದು ನನಗೆ ಬಂದ ಫೋನುಗಳಿಗೆ ಲೆಕ್ಕವಿಲ್ಲ.

ಮಳೆಗಾಲದಲ್ಲಿ ಯಾವ ಯೋಜನೆಯನ್ನೂ ಗಟ್ಟಿಯಾಗಿ ಹಾಕಿಕೊಳ್ಳಬೇಡಿ ಎಂದೇ ಎಲ್ಲರಿಗೂ ಹೇಳುತ್ತೇನೆ. ಕೊಂಕಣ ರೈಲಿನಲ್ಲಿ ಆ ತಿಂಗಳುಗಳಿಗೆ ಬೇರೆಯೇ ವೇಳಾಪಟ್ಟಿ, ವೇಗವೂ ಕಡಿಮೆ. ಅದೇ 2024ರ ಜುಲೈ ಕೊನೆಯಲ್ಲಿ ಯಡಕುಮಾರಿ ಮತ್ತು ಕಡಗರವಳ್ಳಿಯ ನಡುವೆ ಹಳಿಯ ಕೆಳಗಿನ ಮಣ್ಣು ಜಾರಿ, ಘಟ್ಟದ ರೈಲುಗಳು ಹಲವು ದಿನ ನಿಂತುಹೋದವು. ಅಂಥ ವೇಳೆಗೆ ಶಿರಾಡಿಯೂ ಕೈಕೊಟ್ಟರೆ ಚಾರ್ಮಾಡಿ, ಶಿವಮೊಗ್ಗದ ಮೇಲಿಂದ ಬಂದರೆ ಹುಲಿಕಲ್. ಆಗುಂಬೆಯ ಹದಿನಾಲ್ಕು ತಿರುವುಗಳು ದೊಡ್ಡ ವಾಹನಗಳಿಗೆ ಒಗ್ಗುವುದಿಲ್ಲ. ಒಮ್ಮೆ ಚೌತಿಗೆ ಬರುವಾಗ ನಾನು ದುಪ್ಪಟ್ಟು ದರ ಕೊಟ್ಟು ಹತ್ತಿದ ಸ್ಲೀಪರ್ ಬಸ್ಸು ಘಟ್ಟದ ನಡುವೆ ಮೂರು ತಾಸು ನಿಂತು, ಮನೆ ತಲುಪುವ ಹೊತ್ತಿಗೆ ಪೂಜೆ ಮುಗಿದು ಪಾಯಸ ತಣ್ಣಗಾಗಿತ್ತು.

ಊರಿನಲ್ಲಿ ಅತ್ತೆಯ ಮನೆ ಇರುವುದು ಗಂಗೊಳ್ಳಿಯಲ್ಲಿ. ಕುಂದಾಪುರದ ಕೋಡಿಯಲ್ಲಿ ನಿಂತರೆ ಅಳಿವೆಯ ಆಚೆ ಅಲ್ಲಿನ ಬಂದರು, ಅದರಲ್ಲಿ ಒತ್ತಾಗಿ ನಿಂತ ಮೀನುಗಾರಿಕೆ ದೋಣಿಗಳು ಕಣ್ಣಿಗೆ ಕಾಣುತ್ತವೆ. ಬಸ್ಸಿನಲ್ಲಿ ಹೋಗುವುದಾದರೆ ಹೆಮ್ಮಾಡಿ, ಮುಳ್ಳಿಕಟ್ಟೆ ದಾಟಿ, ತ್ರಾಸಿಯಲ್ಲಿ ತಿರುಗಿ, ಬಂದ ದಿಕ್ಕಿಗೇ ಮತ್ತೆ ಇಳಿಯಬೇಕು. ಹದಿನೈದು ಕಿಲೋಮೀಟರಿಗೂ ಮಿಕ್ಕಿದ ಸುತ್ತು. ಅಳಿವೆಗೆ ಸೇತುವೆಯಾಗಬೇಕೆಂಬ ಬೇಡಿಕೆ ಬಹಳ ಹಳೆಯದು. ಕೋಡಿಗೆ ಹೋದಾಗ ಅತ್ತೆಗೆ ಫೋನು ಮಾಡಿ, ನಿಮ್ಮ ಬಂದರು ಕಾಣುತ್ತಿದೆ ಎಂದರೆ ಅವರು ಅನ್ನಕ್ಕೆ ಇಡುವುದಿಲ್ಲ. ಬಸ್ಸು ತ್ರಾಸಿಗೆ ಬಂದ ಮೇಲೆ ಇನ್ನೊಮ್ಮೆ ಫೋನು ಮಾಡು ಎನ್ನುತ್ತಾರೆ.