‘ಪಾಯಿಂಟ್ ಎಲ್ಲ ಇರ್ತದಾ ತಮಾ?’

ಜುಲೈ ಕೊನೆಯ ವಾರ. ಜೂನ್ 1ಕ್ಕೆ ಶುರುವಾದ ಮೀನುಗಾರಿಕೆ ನಿಷೇಧ ಇನ್ನೇನು ಮುಗಿಯುತ್ತದೆ ಅಂತ ಕಾರವಾರದ ಮೀನುಗಾರಿಕೆ ಬಂದರು ಬೈತಖೋಲದಲ್ಲಿ ಬೋಟುಗಳಿಗೆ ಬಣ್ಣ ಬಿದ್ದಾಗಿದೆ, ಬಲೆಗಳ ರಿಪೇರಿಯೂ ಮುಗಿದಿದೆ. ಉಳಿದಿರುವುದು ಸಣ್ಣಪುಟ್ಟ ಕೆಲಸ. ಅಂಥದೇ ಒಂದು ಕೆಲಸಕ್ಕೆ ಬೋಟು ನಡೆಸುವ ತಾಂಡೇಲರೊಬ್ಬರು ಕಾರವಾರ ಪೇಟೆಯ ಕಂಪ್ಯೂಟರ್ ಅಂಗಡಿಗೆ ತಮ್ಮ ಜಿಪಿಎಸ್ ಹಿಡಿದುಕೊಂಡು ಬಂದಿದ್ದರು. ಕೈಯಲ್ಲಿ ಹಿಡಿಯುವ ಹಳೆಯ ಗಾರ್ಮಿನ್, 76ಸಿಎಸ್‌ಎಕ್ಸ್. ನೀರಿಗೆ ಬಿದ್ದರೂ ತೇಲುತ್ತದೆ ಅಂತ ಬೋಟಿನವರು ಇಷ್ಟಪಟ್ಟು ಇಟ್ಟುಕೊಳ್ಳುವ ಮಾದರಿ. ಅದರೊಳಗಿನ ಪಾಯಿಂಟ್‌ಗಳನ್ನು, ಅಂದರೆ ಗುರುತು ಹಾಕಿಟ್ಟ ಜಾಗಗಳ ಅಕ್ಷಾಂಶ-ರೇಖಾಂಶಗಳನ್ನು, ಕಂಪ್ಯೂಟರ್‌ಗೆ ಇಳಿಸಿ ಒಂದು ಕಾಪಿ ಇಟ್ಟುಕೊಳ್ಳಬೇಕು, ಅಷ್ಟೇ ಅವರ ಕೆಲಸ.

ಅಂಗಡಿಯ ಹುಡುಗ ಕೇಬಲ್ ಚುಚ್ಚಿದ, ಸ್ಕ್ರೀನ್ ನೋಡಿದ, ತೆಗೆದು ಮತ್ತೆ ಚುಚ್ಚಿದ. “ಕಾಕಾ, ಇದು ಹೋಯ್ತು. ನಮ್ಮ ಸಿಸ್ಟಮ್‌ಗೆ ಕಾಣ್ತಾನೇ ಇಲ್ಲ. ಒಂದ್ಸಲ ಫುಲ್ ರಿಸೆಟ್ ಹೊಡೆದು ನೋಡ್ತೇನೆ.”

“ರಿಸೆಟ್ ಹೊಡೆದ್ರೆ ಪಾಯಿಂಟ್ ಎಲ್ಲ ಇರ್ತದಾ ತಮಾ?”

“ಅದು ಗೊತ್ತಿಲ್ಲ.”

ಆ ಮೂರನೇ ಮಾತು ಕೇಳಿ ಕೌಂಟರಿನ ಈಚೆ ನಿಂತಿದ್ದ ನನಗೂ ಎದೆ ಧಸಕ್ ಎಂದಿತು. ಗೊತ್ತಿಲ್ಲದಿದ್ದರೆ ಹೊಡೆಯಬಾರದು. ಈ ಮಾದರಿಯಲ್ಲಿ ಪೂರ್ತಿ ರಿಸೆಟ್ ಮಾಡಿದರೆ ಬಳಕೆದಾರ ಸೇರಿಸಿದ್ದೆಲ್ಲ ಅಳಿಸಿಹೋಗುತ್ತದೆ. ಪಾಯಿಂಟ್, ಟ್ರ್ಯಾಕ್, ರೂಟ್ ಯಾವುದೂ ಉಳಿಯುವುದಿಲ್ಲ. ಸಾವಿರದಷ್ಟು ಪಾಯಿಂಟ್ ಹಿಡಿಯುವ ಯಂತ್ರ ಇದು. ಬಲೆ ಕಲ್ಲಿಗೆ ಸಿಕ್ಕಿ ಹರಿಯುವ ಜಾಗ, ಯಾವ ತಿಂಗಳು ಎಲ್ಲಿ ಬಂಗಡೆ ಕೂಡುತ್ತದೆ, ಅಳಿವೆಯಿಂದ ಒಳಗೆ ಬರುವಾಗ ಎಲ್ಲಿ ತಿರುಗಬೇಕು, ಎಲ್ಲ ಅದರಲ್ಲಿದೆ. ದೇವಗಡದ ಲೈಟ್‌ಹೌಸ್ ಕಣ್ಣಿಗೆ ಮರೆಯಾದ ಮೇಲೆ ಬೋಟಿಗೆ ಆಧಾರ ಆ ಸಂಖ್ಯೆಗಳೇ. ಅಂಗಡಿಯಲ್ಲಿ ಅವತ್ತು ಇದ್ದವರಲ್ಲಿ ಸರಿಯಾದ ತಾಂತ್ರಿಕ ಪ್ರಶ್ನೆ ಕೇಳಿದವರು ತಾಂಡೇಲರು ಒಬ್ಬರೇ.

ಹುಡುಗ ಕೆಟ್ಟವನಲ್ಲ, ಕೆಲಸ ಕಲಿಯುವ ಆಸೆ ಇರುವವನು. ಅವನ ತರ್ಕವನ್ನೂ ಸುಮ್ಮನೆ ತಳ್ಳಿಹಾಕುವಂತಿಲ್ಲ. ಕಳೆದ ತಿಂಗಳು ಇದೇ ಮಾದರಿಯ ಇನ್ನೊಂದು ಜಿಪಿಎಸ್ ಅದೇ ಲ್ಯಾಪ್‌ಟಾಪ್‌ನಲ್ಲಿ ಸರಾಗವಾಗಿ ನಡೆದಿತ್ತು. ತಾಂಡೇಲರು ಬರುವ ಹಿಂದಿನ ರಾತ್ರಿ ಅದರ ಲಿನಕ್ಸ್ ಕರ್ನೆಲ್, ಅಂದರೆ ಇಡೀ ಸಿಸ್ಟಮ್ ನಡೆಸುವ ತಿರುಳು, ಅಪ್‌ಗ್ರೇಡ್ ಆಗಿತ್ತು. ಈಗ ಇದು ನಡೆಯುತ್ತಿಲ್ಲ. ಹಾಗಾಗಿ ಮೊದಲು ಯಂತ್ರ ಹಾಳು ಅಂದ. ಸರಿಯಾಗಿ ನೋಡಪ್ಪ ಅಂತ ನಾನು ಒತ್ತಿ ಹೇಳಿದ ಮೇಲೆ ಹೊಸ ಕರ್ನೆಲ್ ಹಾಳು ಅಂದ. ಎರಡೂ ಅಲ್ಲ.

‘ಕಾಣ್ತಾನೇ ಇಲ್ಲ’ ಅನ್ನುವ ಮಾತನ್ನೇ ಮೊದಲು ಹಿಡಿಯಬೇಕು. ಯಾರಿಗೆ ಕಾಣುತ್ತಿಲ್ಲ? ಅವನು ನೋಡಿದ್ದು ಫೈಲ್ ಮ್ಯಾನೇಜರ್. ಪೆನ್‌ಡ್ರೈವ್ ಥರ ಒಂದು ಡ್ರೈವ್ ಬರಬೇಕು ಅಂತ ಕಾದಿದ್ದ. ಈ ಜಿಪಿಎಸ್ ಮಾಮೂಲಿ ಸ್ಥಿತಿಯಲ್ಲಿ ಡ್ರೈವ್ ಆಗಿ ಬರುವುದೇ ಇಲ್ಲ, ಹಾಳಾಗದಿದ್ದಾಗಲೂ ಬರುವುದಿಲ್ಲ. ಸೆಟಪ್‌ನ ಇಂಟರ್‌ಫೇಸ್ ಪುಟದಲ್ಲಿ ಮಾಸ್ ಸ್ಟೋರೇಜ್ ಅಂತ ಒಂದು ಬಟನ್ ಇದೆ, ಒತ್ತಿದರೆ ಡ್ರೈವ್ ಬರುತ್ತದೆ ನಿಜ. ಆದರೆ ಅದು ಒಳಗಿರುವ ಮೈಕ್ರೊಎಸ್‌ಡಿ ಕಾರ್ಡ್ ಮಾತ್ರ. ಯಂತ್ರದ ಸ್ವಂತ ಮೆಮೊರಿಯಲ್ಲಿರುವ ಪಾಯಿಂಟ್‌ಗಳು ಅಲ್ಲಿ ಸಿಗುವುದಿಲ್ಲ. ಅವುಗಳನ್ನು ಇಳಿಸಲು ಜಿಪಿಎಸ್‌ಬೇಬಲ್‌ನಂಥ ಪ್ರೋಗ್ರಾಮ್ ಗಾರ್ಮಿನ್‌ನ ಸ್ವಂತ ಭಾಷೆಯಲ್ಲೇ ಮಾತಾಡಬೇಕು.

ಕೇಳಬೇಕಾದದ್ದು ಯುಎಸ್‌ಬಿಗೆ ಚುಚ್ಚಿದ್ದನ್ನೆಲ್ಲ ಪಟ್ಟಿ ಮಾಡುವ ಎಲ್‌ಎಸ್‌ಯುಎಸ್‌ಬಿ ಕಮಾಂಡನ್ನು. ಟರ್ಮಿನಲ್ ತೆರೆದು ಹೊಡೆಸಿದರೆ ಪಟ್ಟಿಯ ನಡುವೆ 091ಇ:0003 ಅನ್ನುವ ಸಾಲು ಬಂತು. ಮೊದಲ ಭಾಗ ಗಾರ್ಮಿನ್ ಕಂಪನಿಯ ಸಂಖ್ಯೆ, ಎರಡನೆಯದು ಈ ಜಾತಿಯ ಜಿಪಿಎಸ್‌ಗಳದ್ದು. ಆ ಒಂದು ಸಾಲು ಬಂತೆಂದರೆ ಯಂತ್ರಕ್ಕೆ ಜೀವ ಇದೆ, ಕೇಬಲ್‌ನಲ್ಲಿ ಡೇಟಾ ತಂತಿ ಇದೆ, ಪೋರ್ಟ್ ಸರಿಯಿದೆ, ಹೊಸ ಕರ್ನೆಲ್ ಅದರ ಜೊತೆ ಮೊದಲ ಮಾತುಕತೆಯನ್ನೂ ಮುಗಿಸಿದೆ. ರಿಸೆಟ್‌ನ ಮಾತು ಅಲ್ಲಿಗೆ ಮುಗಿಯಬೇಕು.

ಆ ಸಾಲು ಬರದೇ ಹೋಗಿದ್ದರೆ ದಾರಿ ಬೇರೆ. ಆಗ ಕರ್ನೆಲ್‌ನ ಸಂದೇಶಗಳನ್ನು ತೋರಿಸುವ ಡಿಮೆಸ್ಗ್‌ಗೆ ಹೈಫನ್ ಡಬ್ಲ್ಯು ಸೇರಿಸಿ ಓಡಿಸಿ, ಅದು ಓಡುತ್ತಿರುವಾಗಲೇ ಕೇಬಲ್ ಚುಚ್ಚಿ ನೋಡಬೇಕು. ಒಂದಕ್ಷರವೂ ಬರದಿದ್ದರೆ ಬಹುಮಟ್ಟಿಗೆ ಚಾರ್ಜಿಂಗ್‌ಗೆ ಮಾತ್ರ ಆಗುವ ಕೇಬಲ್, ಅಥವಾ ಸತ್ತ ಪೋರ್ಟ್. ಮೈನಸ್ 71 ಅಂತ ಎರರ್ ಬಂದರೆ ಸಂಕೇತ ಅರ್ಧಂಬರ್ಧ ತಲುಪುತ್ತಿದೆ, ಮೈನಸ್ 110 ಬಂದರೆ ಯಂತ್ರ ಹೊತ್ತಿಗೆ ಸರಿಯಾಗಿ ಉತ್ತರ ಕೊಡುತ್ತಿಲ್ಲ. ಎರಡಕ್ಕೂ ಮೊದಲ ಮದ್ದು ಬೇರೆ ಕೇಬಲ್, ಹಬ್ ಬಿಟ್ಟು ಲ್ಯಾಪ್‌ಟಾಪ್‌ನ ಪೋರ್ಟಿಗೇ ನೇರ ಜೋಡಣೆ. ನಮ್ಮ ಕರಾವಳಿಯಲ್ಲಿ ಇನ್ನೊಂದನ್ನು ನೋಡಲೇಬೇಕು. ಹಿಂಬದಿಯ ರಬ್ಬರ್ ಮುಚ್ಚಳ ಸಡಿಲವಾಗಿದ್ದರೆ ಉಪ್ಪುಗಾಳಿಗೆ ಮಿನಿ ಯುಎಸ್‌ಬಿಯ ಪಿನ್‌ಗಳು ಹಸಿರುಗಟ್ಟುತ್ತವೆ. ಬ್ಯಾಟರಿ ತೆಗೆದು, ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಮೆತ್ತನೆಯ ಬ್ರಷ್‌ನಿಂದ ತಿಕ್ಕಿ, ಪೂರ್ತಿ ಒಣಗಿದ ಮೇಲೆ ಮತ್ತೆ ನೋಡಬೇಕು. ಸೂಜಿ, ಪಿನ್ನು ಹಾಕಿ ಕೆರೆಯುವುದು ಬೇಡ.

ಇಲ್ಲಿ ಅದ್ಯಾವುದೂ ಬೇಕಾಗಲಿಲ್ಲ. ಎಲ್‌ಎಸ್‌ಯುಎಸ್‌ಬಿಗೇ ಹೈಫನ್ ಟಿ ಸೇರಿಸಿ ಹೊಡೆದರೆ ಯಾವ ಡಿವೈಸನ್ನು ಯಾವ ಡ್ರೈವರ್ ಹಿಡಿದಿದೆ ಅಂತ ತೋರಿಸುತ್ತದೆ. ಜಿಪಿಎಸ್‌ನ ಮುಂದೆ ಗಾರ್ಮಿನ್ ಅಂಡರ್‌ಸ್ಕೋರ್ ಜಿಪಿಎಸ್ ಅನ್ನುವ ಹೆಸರಿತ್ತು. ಇದು ಕರ್ನೆಲ್ ಜೊತೆಗೇ ಬರುವ ಮಾಡ್ಯೂಲ್, ಅಂದರೆ ಬೇಕಾದಾಗ ಸೇರಿಸಿ ಇಳಿಸಬಹುದಾದ ಡ್ರೈವರ್. ಯಂತ್ರ ಚುಚ್ಚಿದ ಕೂಡಲೇ ತಾನಾಗಿ ಎದ್ದು, ಅದನ್ನು ಒಂದು ಸೀರಿಯಲ್ ಪೋರ್ಟ್ ಮಾಡಿ, ಟಿಟಿವೈಯುಎಸ್‌ಬಿ0 ಅಂತ ಹೆಸರಿಡುತ್ತದೆ. ಜಿಪಿಎಸ್‌ಬೇಬಲ್‌ಗೆ ‘ಯುಎಸ್‌ಬಿ’ ದಾರಿ ಕೊಟ್ಟರೆ ಅದು ಈ ಮಾಡ್ಯೂಲನ್ನು ಬಿಟ್ಟು, ಲಿಬ್‌ಯುಎಸ್‌ಬಿ ಅನ್ನುವ ಲೈಬ್ರರಿ ಮೂಲಕ ನೇರವಾಗಿ ಯಂತ್ರವನ್ನು ಹಿಡಿಯಲು ಹೋಗುತ್ತದೆ. ಒಂದು ಇಂಟರ್‌ಫೇಸನ್ನು ಏಕಕಾಲಕ್ಕೆ ಒಬ್ಬರೇ ಹಿಡಿಯಬಹುದು. ಮೊದಲು ಬಂದ ಮಾಡ್ಯೂಲ್ ಕೂತಿದೆ, ಆಮೇಲೆ ಬಂದ ಪ್ರೋಗ್ರಾಮ್‌ಗೆ ‘ಡಿವೈಸ್ ಆರ್ ರಿಸೋರ್ಸ್ ಬ್ಯುಸಿ’ ಅನ್ನುವ ಉತ್ತರ. ಬ್ಯುಸಿ ಅಂದರೆ ಸತ್ತಿದೆ ಅಂತಲ್ಲ, ಬೇರೆಯವರ ಕೈಯಲ್ಲಿದೆ ಅಂತ. ಹುಡುಗ ಆ ಪ್ರೋಗ್ರಾಮನ್ನೂ ಓಡಿಸಿದ್ದ, ಆ ಸಾಲು ಅವನ ಸ್ಕ್ರೀನಿನಲ್ಲೇ ಇತ್ತು. ಓದಿದ್ದರೆ ‘ಹೋಯ್ತು’ ಅನ್ನುತ್ತಿರಲಿಲ್ಲ.

ಈ ಜಗಳ ಹಳೆಯದು. ಪಾಮ್, ಹ್ಯಾಂಡ್‌ಸ್ಪ್ರಿಂಗ್ ವೈಸರ್ ಥರದ ಅಂಗೈ ಕಂಪ್ಯೂಟರ್‌ಗಳ ಕಾಲದಲ್ಲೂ ಇದೇ ಆಗುತ್ತಿತ್ತು. ವೈಸರ್ ಅನ್ನುವ ಕರ್ನೆಲ್ ಮಾಡ್ಯೂಲ್ ಒಂದು ಕಡೆ, ಲಿಬ್‌ಯುಎಸ್‌ಬಿ ಬಳಸುವ ಪೈಲಟ್‌ಲಿಂಕ್ ಪ್ರೋಗ್ರಾಮ್ ಇನ್ನೊಂದು ಕಡೆ. ಅಲ್ಲಿ ಇನ್ನೂ ಒಂದು ತೊಡಕಿತ್ತು. ಕಂಪ್ಯೂಟರ್ ಜೊತೆ ಡೇಟಾ ಹೊಂದಿಸುವ ಹಾಟ್‌ಸಿಂಕ್ ಗುಂಡಿ ಒತ್ತುವವರೆಗೆ ಪೋರ್ಟ್ ಹುಟ್ಟುತ್ತಲೇ ಇರಲಿಲ್ಲ. ಒತ್ತಿದ ಮೇಲೆ ಎರಡು ಹುಟ್ಟುತ್ತಿದ್ದವು, ಮಾತಾಡುವುದು ಸಾಮಾನ್ಯವಾಗಿ ಎರಡನೆಯದು.

ಹಾಗಾದರೆ ಕಳೆದ ತಿಂಗಳು ಹೇಗೆ ನಡೆದಿತ್ತು? ಹುಡುಗ ಪಟ್ಟುಹಿಡಿದು ಕೇಳಿದ ಈ ಪ್ರಶ್ನೆ ನನಗೆ ಇಷ್ಟವಾಯಿತು. ಇದಕ್ಕೆ ಊಹೆಯಿಂದ ಉತ್ತರ ಕೊಡಬಾರದು, ಸಾಕ್ಷಿ ಬೇಕು. ಕರ್ನೆಲ್ ಮೇಲೆ ಅನುಮಾನ ಬಂದಾಗ ಸಾಕ್ಷಿ ಹೇಳುವುದು ಹಳೆಯ ಕರ್ನೆಲ್. ಹೆಚ್ಚಿನ ಲಿನಕ್ಸ್‌ಗಳು ಅಪ್‌ಗ್ರೇಡ್ ಆದ ಮೇಲೂ ಹಿಂದಿನದನ್ನು ಉಳಿಸಿಕೊಂಡಿರುತ್ತವೆ. ಕಂಪ್ಯೂಟರ್ ಶುರುವಾಗುವಾಗ ಗ್ರಬ್ ಮೆನುವಿನ ಅಡ್ವಾನ್ಸ್ಡ್ ಆಪ್ಷನ್ಸ್‌ಗೆ ಹೋದರೆ ಅದರ ಹೆಸರಿರುತ್ತದೆ. ಅದೇ ಕೇಬಲ್, ಅದೇ ಪೋರ್ಟ್, ಅದೇ ಜಿಪಿಎಸ್ ಇಟ್ಟುಕೊಂಡು ಕರ್ನೆಲ್ ಒಂದನ್ನೇ ಬದಲಾಯಿಸಬೇಕು. ಎದ್ದ ಮೇಲೆ ಯುನೇಮ್‌ಗೆ ಹೈಫನ್ ಆರ್ ಹಾಕಿ ನಿಜಕ್ಕೂ ಹಳೆಯದೇ ಓಡುತ್ತಿದೆಯಾ ಅಂತ ಖಾತ್ರಿ ಮಾಡಿಕೊಳ್ಳಬೇಕು. ಅಪ್‌ಗ್ರೇಡ್ ಆದ ಮರುದಿನವೇ ಹಳೆಯದನ್ನೆಲ್ಲ ಅಳಿಸುವ ಆಟೊರಿಮೂವ್ ಹೊಡೆಯಬೇಡಿ ಅಂತ ಹೇಳುವುದು ಇದಕ್ಕೇ. ಎಲ್ಲ ಡಿವೈಸ್ ನಡೆಯುತ್ತಿದೆ ಅಂತ ನೋಡಿಕೊಳ್ಳುವವರೆಗೆ ಹಳೆಯದು ಅಲ್ಲೇ ಇರಲಿ.

ಹಳೆಯ ಕರ್ನೆಲ್‌ನಲ್ಲೂ ಅದೇ ಬ್ಯುಸಿ ಬಂತು. ಅಂದರೆ ಹೊಸ ಕರ್ನೆಲ್‌ನ ತಪ್ಪಿಲ್ಲ. ಆಮೇಲೆ ಹಿಂದೆ ಹೊಡೆದ ಕಮಾಂಡ್‌ಗಳನ್ನು ತೋರಿಸುವ ಹಿಸ್ಟರಿ ಕಮಾಂಡ್ ಹೊಡೆಸಿದರೆ ಎಲ್ಲ ಬಯಲಾಯಿತು. ಮೊದಲು ಈ ಕೆಲಸ ನೋಡುತ್ತಿದ್ದವನು ಈಗ ಗೋವಾದಲ್ಲಿದ್ದಾನೆ. ಅವನು ಆರ್‌ಎಮ್‌ಮೋಡ್ ಬಳಸಿ ಗಾರ್ಮಿನ್ ಮಾಡ್ಯೂಲನ್ನು ಕೈಯಲ್ಲೇ ಇಳಿಸಿ, ತಕ್ಷಣ ಪ್ರೋಗ್ರಾಮ್ ಓಡಿಸಿ ಕೆಲಸ ಮುಗಿಸುತ್ತಿದ್ದ. ಮುಂದಿನವರಿಗೆ ಒಂದು ಚೀಟಿಯನ್ನೂ ಬರೆದಿಟ್ಟಿರಲಿಲ್ಲ. ಹಾಗೆ ಕೈಯಲ್ಲಿ ಇಳಿಸಿದ್ದು ಆ ಹೊತ್ತಿಗೆ ಮಾತ್ರ. ಮತ್ತೆ ಚುಚ್ಚಿದರೆ, ಮತ್ತೆ ಬೂಟ್ ಆದರೆ ಮಾಡ್ಯೂಲ್ ಹಾಜರ್. ಕಳೆದ ತಿಂಗಳ ಕೆಲಸ ಮಾಡಿದ್ದೂ ಅವನೇ. ಅಪ್‌ಗ್ರೇಡ್ ಆಗಿದ್ದೂ, ಅವನು ಕೆಲಸ ಬಿಟ್ಟಿದ್ದೂ, ಹುಡುಗ ಮೊದಲ ಸಲ ಕೂತಿದ್ದೂ ಒಂದೇ ವಾರದಲ್ಲಿ ಬಿದ್ದದ್ದರಿಂದ ಅಪವಾದ ಕರ್ನೆಲ್ ತಲೆಗೆ ಬಂತು. ನನಗೆ ಸಿಟ್ಟು ಬಂದದ್ದು ಹುಡುಗನ ಮೇಲಲ್ಲ, ಗೋವಾಕ್ಕೆ ಹೋದವನ ಮೇಲೆ. ಒಂದು ಸಾಲು ಬರೆದಿಟ್ಟಿದ್ದರೆ ತಾಂಡೇಲರು ಆ ಪ್ರಶ್ನೆ ಕೇಳುವ ಪ್ರಸಂಗವೇ ಇರಲಿಲ್ಲ.

ಶಾಶ್ವತ ಪರಿಹಾರ ಸುಲಭ. ಈ ಕ್ಷಣಕ್ಕೆ ಮಾಡ್ಯೂಲ್ ಇಳಿಸಲು ಸುಡೋ ಜೊತೆ ಮೋಡ್‌ಪ್ರೋಬ್, ಹೈಫನ್ ಆರ್, ಮಾಡ್ಯೂಲ್‌ನ ಹೆಸರು. ಮುಂದಕ್ಕೆ ಇಟಿಸಿ ಒಳಗಿನ ಮೋಡ್‌ಪ್ರೋಬ್ ಡಾಟ್ ಡಿ ಫೋಲ್ಡರ್‌ನಲ್ಲಿ ಒಂದು ಫೈಲ್ ಮಾಡಿ, ‘ಬ್ಲ್ಯಾಕ್‌ಲಿಸ್ಟ್’ ಎಂದು ಬರೆದು ಪಕ್ಕದಲ್ಲಿ ಅದೇ ಹೆಸರು ಹಾಕಬೇಕು. ಫೈಲ್‌ನ ಹೆಸರು ಡಾಟ್ ಕಾನ್ಫ್ ಎಂದೇ ಮುಗಿಯಬೇಕು, ಇಲ್ಲದಿದ್ದರೆ ಸಿಸ್ಟಮ್ ಅದನ್ನು ಓದುವುದೇ ಇಲ್ಲ.

ಬ್ಯುಸಿ ಹೋಗಿ ‘ಪರ್ಮಿಷನ್ ಡಿನೈಡ್’ ಬಂದರೆ ಅದು ಯುಡೆವ್ ನಿಯಮದ ಕತೆ. ಚುಚ್ಚಿದ ಡಿವೈಸನ್ನು ಯಾರು ಬಳಸಬಹುದು ಅಂತ ತೀರ್ಮಾನಿಸುವುದು ಯುಡೆವ್. ಸಂಖ್ಯೆ 091ಇ ಮತ್ತು 0003 ಇರುವ ಡಿವೈಸ್ ಬಂದಾಗ ಮೋಡ್ 0666, ಅಂದರೆ ಎಲ್ಲರಿಗೂ ಓದುವ ಬರೆಯುವ ಅನುಮತಿ, ಕೊಡು ಅಂತ ಒಂದು ಸಾಲು ಯುಡೆವ್‌ನ ರೂಲ್ಸ್ ಡಾಟ್ ಡಿ ಫೋಲ್ಡರ್‌ನಲ್ಲಿ ಬೇಕು. ಬಹಳ ವರ್ಷಗಳ ಹಿಂದೆ ಬರೆದ ಫೈಲನ್ನೇ ನಕಲು ಮಾಡಿಕೊಂಡು ಬಂದವರಿಗೆ ಇಲ್ಲೊಂದು ಹೊಂಡ ಇದೆ. ಆಗ ‘ಸಿಸ್‌ಎಫ್‌ಎಸ್’ ಅಂತ ಬರೆಯುತ್ತಿದ್ದ ಕಡೆ ಈಗ ‘ಎಟಿಟಿಆರ್’ ಬರೆಯಬೇಕು. ಹೊಸ ಯುಡೆವ್ ಹಳೆಯ ಪದವನ್ನು ಒಪ್ಪುವುದಿಲ್ಲ. ಸಾಲು ತಿದ್ದಿ, ಯುಡೆವ್‌ಎಡಿಎಮ್‌ಗೆ ಕಂಟ್ರೋಲ್ ರಿಲೋಡ್ ಹೇಳಿ, ಕೇಬಲ್ ಒಮ್ಮೆ ತೆಗೆದು ಚುಚ್ಚಿದರೆ ಸಾಕು. ಸೀರಿಯಲ್ ಪೋರ್ಟ್ ಆಗಿ ಬರುವ ಡಿವೈಸ್‌ಗಳಿಗಾದರೆ ಡೆಬಿಯನ್, ಉಬುಂಟುಗಳಲ್ಲಿ ಬಳಕೆದಾರನನ್ನು ಡಯಲ್‌ಔಟ್ ಗುಂಪಿಗೆ ಸೇರಿಸಿ, ಲಾಗ್‌ಔಟ್ ಆಗಿ ಒಳಗೆ ಬರಬೇಕು.

ಬಿಲ್ಲಿಂಗ್ ಯಂತ್ರ, ತೂಕದ ಯಂತ್ರ ಇಟ್ಟುಕೊಂಡವರಿಗೂ ಒಂದು ಮಾತು. ಅವುಗಳಲ್ಲಿ ಯುಎಸ್‌ಬಿಯನ್ನು ಸೀರಿಯಲ್ ಪೋರ್ಟ್ ಮಾಡುವ ಸಿಎಚ್340 ಚಿಪ್ ಸಾಮಾನ್ಯ, ಸಂಖ್ಯೆ 1ಎ86:7523. ಉಬುಂಟು 22.04ಕ್ಕೆ ಏರಿದ ಮೇಲೆ ಇದರ ಪೋರ್ಟ್ ಬಂದ ಹಾಗೆ ಬಂದು ಮಾಯವಾಗುವುದುಂಟು. ಡಿಮೆಸ್ಗ್‌ನಲ್ಲಿ ‘ಬಿಆರ್‌ಎಲ್‌ಟಿಟಿವೈ’ ಅನ್ನುವ ಹೆಸರು ಕಂಡರೆ ಕಾರಣ ಅದೇ. ಅದು ಅಂಧರ ಬ್ರೈಲ್ ಪರದೆಗಾಗಿ ಇರುವ ಪ್ರೋಗ್ರಾಮ್. ಅದೇ ಸಂಖ್ಯೆಯ ಚಿಪ್ ಬಳಸುವ ಬ್ರೈಲ್ ಯಂತ್ರಗಳಿರುವುದರಿಂದ ನಮ್ಮ ತಕ್ಕಡಿಯನ್ನೂ ಹಾಗೇ ಅಂದುಕೊಂಡು ಹಿಡಿಯುತ್ತದೆ. ಅಂಗಡಿಯಲ್ಲಿ ಬ್ರೈಲ್ ಪರದೆ ಬಳಸುವವರು ಇಲ್ಲದಿದ್ದರೆ ತೆಗೆದುಹಾಕಬಹುದು. ಇದ್ದರೆ ಅದರ ಯುಡೆವ್ ಫೈಲ್‌ನಲ್ಲಿ ಆ ಸಂಖ್ಯೆಯ ಸಾಲನ್ನು ಮಾತ್ರ ನಿಷ್ಕ್ರಿಯ ಮಾಡಬೇಕು. ಇಲ್ಲೂ ಯಂತ್ರ ಹಾಳಲ್ಲ, ಬೇರೆಯವರ ಕೈಯಲ್ಲಿದೆ.

ಮಾಡ್ಯೂಲ್ ಇಳಿಸಿದ ಮೇಲೆ ಜಿಪಿಎಸ್‌ಬೇಬಲ್‌ಗೆ ಹೈಫನ್ ಡಬ್ಲ್ಯು, ಹೈಫನ್ ಟಿ, ಹೈಫನ್ ಆರ್ ಮೂರನ್ನೂ ಕೊಟ್ಟು ಪಾಯಿಂಟ್, ಟ್ರ್ಯಾಕ್, ರೂಟ್ ಎಲ್ಲವನ್ನೂ ಒಂದೇ ಜಿಪಿಎಕ್ಸ್ ಫೈಲ್‌ಗೆ ಇಳಿಸಿದ್ದಾಯಿತು. ಪಾಯಿಂಟ್ ಎಲ್ಲ ಇದ್ದವು. ತಾಂಡೇಲರು ಹುಡುಗನಿಗೆ ಒಂದು ಮಾತೂ ಗದರಲಿಲ್ಲ. ಅದು ಅವರ ದೊಡ್ಡತನ.

ಆದರೆ ಅವರು ಆ ಫೈಲನ್ನು ಪ್ರಿಂಟ್ ಕೇಳಿದಾಗ ಇನ್ನೊಂದು ಅಪಾಯ ಎದುರಾಯಿತು, ಇದನ್ನು ಬೋಟಿನವರೆಲ್ಲ ಗಮನಿಸಬೇಕು. ಜಿಪಿಎಕ್ಸ್ ಫೈಲ್‌ನಲ್ಲಿ ಅಕ್ಷಾಂಶ ದಶಮಾಂಶ ಡಿಗ್ರಿಯಲ್ಲಿರುತ್ತದೆ. ಬೋಟಿನವರು ಓದುವುದು ಡಿಗ್ರಿ ಮತ್ತು ಮಿನಿಟಿನಲ್ಲಿ. ಫೈಲ್‌ನಲ್ಲಿ 14.48 ಅಂತ ಇದ್ದದ್ದನ್ನು 14 ಡಿಗ್ರಿ 48 ಮಿನಿಟ್ ಅಂತ ಓದಿಕೊಂಡರೆ ಕೆಟ್ಟಿತು. ದಶಮಾಂಶದ 0.48 ಅನ್ನು 60ರಿಂದ ಗುಣಿಸಬೇಕು, ಬರುವುದು 28.8 ಮಿನಿಟ್. ವ್ಯತ್ಯಾಸ 19.2 ಮಿನಿಟ್. ಅಕ್ಷಾಂಶದ ಒಂದು ಮಿನಿಟ್ ಅಂದರೆ ಒಂದು ನಾಟಿಕಲ್ ಮೈಲಿ, 1,852 ಮೀಟರ್. ಹಾಗಾಗಿ ತಪ್ಪುವುದು ಸುಮಾರು 35 ಕಿಲೋಮೀಟರ್. ಜಿಪಿಎಸ್‌ಬೇಬಲ್‌ನಲ್ಲಿ ಔಟ್‌ಪುಟ್ ‘ಟೆಕ್ಸ್ಟ್’ ಅಂತ ಕೊಟ್ಟರೆ ತಾನಾಗಿ ಡಿಗ್ರಿ-ಮಿನಿಟಿನಲ್ಲೇ ಬರೆದು ಕೊಡುತ್ತದೆ, ಪ್ರಿಂಟ್ ಅದರದ್ದೇ ತೆಗೆಯಬೇಕು. ತೆಗೆದ ಮೇಲೆ ಯಂತ್ರದ ಪೊಸಿಷನ್ ಫಾರ್ಮ್ಯಾಟ್ ಡಿಗ್ರಿ-ಮಿನಿಟ್ ಇದೆಯಾ, ಅಕ್ಷಾಂಶ-ರೇಖಾಂಶ ಲೆಕ್ಕಕ್ಕೆ ಆಧಾರವಾದ ಮ್ಯಾಪ್ ಡೇಟಮ್ ಡಬ್ಲ್ಯುಜಿಎಸ್ 84 ಇದೆಯಾ ಅಂತ ನೋಡಿ, ಒಂದೆರಡು ಪಾಯಿಂಟ್‌ಗಳನ್ನು ಕಾಗದದ ಜೊತೆ ಅಂಕಿಗೆ ಅಂಕಿ ತಾಳೆ ಮಾಡಿಯೇ ಕೇಬಲ್ ಬಿಚ್ಚಬೇಕು.