ಪಟ್ಟದಕಲ್ಲಿನ ಗುಂಡ

ಒಂಟಿ ಸೈಕಲ್ ಪಯಣದ ಐದನೇ ದಿನ. ಬೆಳಕು ಹರಿಯೋ ಮುಂಚೆ ಬಾದಾಮಿ ಬಿಟ್ಟೆ. ಪಟ್ಟದಕಲ್ಲಿಗೆ ಸುಮಾರು 22 ಕಿಲೋಮೀಟರ್, ದಾರಿಯುದ್ದಕ್ಕೂ ಎದುರುಗಾಳಿ. ಹೊಲದ ಬದುವಿನಲ್ಲಿದ್ದ ಅಜ್ಜಿಯೊಬ್ಬರು "ಒಬ್ಬಾಂವನ ಹೊಂಟೀಯೇನ ತಮ್ಮಾ?" ಅಂತ ಕೇಳಿ, ಬುತ್ತಿ ಬಿಚ್ಚಿ ಕಟಕ ರೊಟ್ಟಿ, ಶೇಂಗಾ ಚಟ್ನಿ ಕೈಗಿಟ್ಟರು. ಆ ರುಚಿ ಇನ್ನೂ ನಾಲಿಗೆ ಮೇಲಿದೆ.

ವಿರೂಪಾಕ್ಷ ಗುಡಿ ಕಟ್ಟಿಸಿದ್ದು ರಾಣಿ ಲೋಕಮಹಾದೇವಿ, ಗಂಡ, ಚಾಲುಕ್ಯ ದೊರೆ ಎರಡನೇ ವಿಕ್ರಮಾದಿತ್ಯ ಕಂಚಿ ಗೆದ್ದ ನೆನಪಿಗೆ. ಆದರೆ ಅಲ್ಲಿನ ಶಾಸನದಲ್ಲಿ ಗುಡಿ ಕಟ್ಟಿದ ಸೂತ್ರಧಾರಿ, ಅಂದ್ರೆ ಮುಖ್ಯ ಶಿಲ್ಪಿ, ಗುಂಡನ ಹೆಸರೂ ಇದೆ, ಅನಿವಾರಿತಾಚಾರಿ ಅನ್ನೋ ಬಿರುದಿನ ಸಮೇತ. 8ನೇ ಶತಮಾನದ್ದು! ನನಗೆ ಗಂಟಲು ಕಟ್ಟಿತು. ನಾನಿರೋ ಮನೆ ಕಟ್ಟಿದ ಮೇಸ್ತ್ರಿಯ ಹೆಸರು ನನಗೆ ಗೊತ್ತಿಲ್ಲ.

ಇಲ್ಲಿ ಮಲಪ್ರಭೆ ಉತ್ತರಕ್ಕೆ ತಿರುಗಿ ಹರೀತಾಳೆ. ದಂಡೆ ಮೇಲೆ ಕೂತು ಟ್ಯೂಬಿಗೆ ಪಂಚರ್ ಹಾಕ್ತಿದ್ದೇನೆ. ಬಿಸಿಲೇರೋದರೊಳಗೆ ಐಹೊಳೆ ಮುಟ್ಟಬೇಕು.