ಉಪ್ಪು ಎಲ್ಲಿಗೆ ಹೋಯಿತು?

"ನೀರು ಹೋಯಿತು, ಒಪ್ಪಿದೆ. ಉಪ್ಪು ಎಲ್ಲಿಗೆ ಹೋಯಿತು?"

ಸೋಮವಾರ ಮಧ್ಯಾಹ್ನ ಅಮ್ಮ ಕೇಳಿದ ಈ ಪ್ರಶ್ನೆ ವಾರವಿಡೀ ನನ್ನ ತಲೆಯಲ್ಲಿ ತಿರುಗುತ್ತಿದೆ. ಭರಣಿಯಲ್ಲಿ ಮಾವಿನ ಹೋಳು ಒಂದು ಪದರ, ಕಲ್ಲುಪ್ಪು ಒಂದು ಪದರ ಹಾಕುತ್ತ ಕುಳಿತಿದ್ದಳು. ರಜೆಗೆಂದು ದುರ್ಗಕ್ಕೆ ಬಂದಿರುವ ಅಕ್ಕನ ಮಗಳು ಎದುರಿಗೆ ಕುಳಿತು ತನ್ನ ನೋಟ್‌ಬುಕ್ಕಿನಿಂದ 'ಇರುಳ್ಗಡಲ ಇತಿಹಾಸ'ವನ್ನು ಗಟ್ಟಿಯಾಗಿ ಓದುತ್ತಿದ್ದಳು. ಇರುಳ್ಗಡಲು ಅವಳೇ ಕಟ್ಟಿದ ಲೋಕದಲ್ಲಿರುವ ಸಮುದ್ರ. ಅದಕ್ಕೆ ನಕ್ಷೆಯಿದೆ, ಬಂದರುಗಳಿವೆ, ದಡದಲ್ಲಿ ಆಳಿದ ಮನೆತನಗಳ ಪಟ್ಟಿಯಿದೆ. ಮುನಿಯೊಬ್ಬನ ಶಾಪದಿಂದ ಒಂದೇ ರಾತ್ರಿಯಲ್ಲಿ ಕಡಲು ಮಾಯವಾಗುತ್ತದೆ. ಬೆಳಗಾದಾಗ ರಾಣಿಯರು ಬರಿಗಾಲಲ್ಲಿ ಕಡಲ ತಳದ ಮೇಲೆ ನಡೆದುಹೋಗುತ್ತಾರೆ. ಅಲ್ಲಿ ಅಮ್ಮ ತಡೆದಳು.

"ಅಜ್ಜಿ, ಅದು ಶಾಪ."

"ಶಾಪ ತಗುಲಿದ್ದು ನೀರಿಗೆ ತಾನೇ? ಕೆರೆ ಬತ್ತಿದರೇ ಅಂಗಳದಲ್ಲಿ ಚೌಳು ಏಳುತ್ತದೆ. ಅಷ್ಟು ದೊಡ್ಡ ಕಡಲು ಬತ್ತಿದ ಮೇಲೆ ನಿನ್ನ ರಾಣಿಯರ ಕಾಲು ಉರಿಯಲಿಲ್ಲವೇ?"

ಹುಡುಗಿ ಪುಸ್ತಕ ಮುಚ್ಚಿದಳು. ಭಾವನವರು ಪತ್ರಿಕೆಯಿಂದ ತಲೆಯೆತ್ತದೆಯೇ, "ಇಲ್ಲದ ಸಮುದ್ರಕ್ಕೆ ಇತಿಹಾಸ ಬರೆಯುವ ಬದಲು ಇರುವ ಇತಿಹಾಸ ಓದಿದರೆ ಅಂಕಗಳಾದರೂ ಬರುತ್ತವೆ" ಎಂದರು. ಭಾವ ಒಳ್ಳೆಯವರು, ಮಗಳಿಗೆ ಯಾವುದಕ್ಕೂ ಕಡಿಮೆ ಮಾಡಿದವರಲ್ಲ. ಆದರೆ ಪಠ್ಯದಲ್ಲಿ ಇಲ್ಲದ್ದನ್ನೆಲ್ಲ ಕಾಲಹರಣವೆಂದು ನಂಬಿದವರು. ನನಗೆ ಆ ಮಾತು ಚುಚ್ಚಿತು. ಅಮ್ಮ ಮಾತ್ರ ಆ ಕಡಲನ್ನು ಪಕ್ಕದವರ ಹೊಲವೆಂಬಂತೆ ನಿಜವಾಗಿ ತೆಗೆದುಕೊಂಡಿದ್ದಳು. ಅವಳ ತವರು ಹಿರಿಯೂರಿನ ಕಡೆ. ಒಣಗಿದ ಗದ್ದೆಯ ಮೇಲೆ ಬಿಳಿ ಕಟ್ಟುವುದನ್ನು ಹುಟ್ಟಿದಾರಭ್ಯ ಕಂಡವಳು. ಮಗುವಿನ ಕಲ್ಪನೆಗೆ ಅದಕ್ಕಿಂತ ದೊಡ್ಡ ಮರ್ಯಾದೆಯನ್ನು ಯಾರೂ ಕೊಟ್ಟಿರಲಾರರು.

ನಾನು ಭೂಗೋಳ ಕಲಿಸುವವಳು, ಆ ಪ್ರಶ್ನೆ ಮೊದಲು ನನಗೆ ಹೊಳೆಯಬೇಕಿತ್ತು. ಮೆಡಿಟರೇನಿಯನ್ ಸಮುದ್ರ ಸುಮಾರು 60 ಲಕ್ಷ ವರ್ಷಗಳ ಹಿಂದೆ ಅಟ್ಲಾಂಟಿಕ್‌ನ ಸಂಪರ್ಕ ಕಡಿದು ಬಹುಪಾಲು ಆವಿಯಾಯಿತು; ಸುಮಾರು 53 ಲಕ್ಷ ವರ್ಷಗಳ ಹಿಂದೆ ಮತ್ತೆ ತುಂಬಿತು. ಇದಕ್ಕೆ ಸಾಕ್ಷಿ ಹೇಳಿದ್ದು ಉಪ್ಪು. 1970ರಲ್ಲಿ ಗ್ಲೋಮರ್ ಚಾಲೆಂಜರ್ ಹಡಗು ಸಮುದ್ರದ ತಳ ಕೊರೆದಾಗ ಉಪ್ಪು, ಜಿಪ್ಸಮ್ ಮೇಲೆ ಬಂದವು. ಕೆಲವೆಡೆ ಆ ಪದರ ಒಂದು ಕಿಲೋಮೀಟರಿಗಿಂತ ದಪ್ಪ. ಇನ್ನು ಅರಲ್ ಸಮುದ್ರ ನಮ್ಮ ಕಣ್ಣೆದುರಿಗೇ ಹೋದದ್ದು. 1960ರಲ್ಲಿ ಸುಮಾರು 68,000 ಚದರ ಕಿಲೋಮೀಟರ್ ಇದ್ದ ಅದಕ್ಕೆ ನೀರುಣಿಸುತ್ತಿದ್ದ ಅಮು ದರಿಯಾ, ಸಿರ್ ದರಿಯಾ ನದಿಗಳನ್ನು ಸೋವಿಯತ್ ಸರ್ಕಾರ ಹತ್ತಿ ಬೆಳೆಯಲು ತಿರುಗಿಸಿತು. ಹತ್ತಿ ಗಿರಣಿಗಳಿಂದಲೇ ಹೆಸರಾದ ದಾವಣಗೆರೆಯ ಮಗ್ಗುಲಲ್ಲಿ ಬೆಳೆದ ನನಗೆ ಇದನ್ನು ಪಾಠ ಮಾಡುವಾಗಲೆಲ್ಲ ಕಸಿವಿಸಿಯಾಗುತ್ತದೆ. ತಳದ ಉಪ್ಪು ಧೂಳು ಗಾಳಿಗೆದ್ದು ಇವತ್ತಿಗೂ ಅಲ್ಲಿನ ಜನರ ಹೊಲಕ್ಕೆ, ಎದೆಗೆ ಇಳಿಯುತ್ತಿದೆ.

ಗುರುವಾರ ಹುಡುಗಿಯನ್ನು ಮರಡಿಹಳ್ಳಿಗೆ ಕರೆದೊಯ್ದೆ. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆನಿಸಿದ ಬಂಡೆಗಳು ಅಲ್ಲಿವೆ. ಕೋಟೆ ನೋಡಲು ದುರ್ಗಕ್ಕೆ ಬರುವವರಲ್ಲಿ ಇತ್ತ ತಿರುಗುವವರು ಕಡಿಮೆ. ಹಸಿರು ಛಾಯೆಯ ಕಪ್ಪು ಕಲ್ಲು, ಉಬ್ಬಿದ ಬುರುಡೆಗಳು ಒಂದರ ಮೇಲೊಂದು ಒತ್ತಿಕೊಂಡು ಕೂತಿವೆ. ಸುಮಾರು 250 ಕೋಟಿ ವರ್ಷಗಳ ಹಿಂದೆ ನೀರಿನಡಿಯಲ್ಲಿ ಲಾವಾ ಉಕ್ಕಿತ್ತು. ನೀರು ತಾಗಿದೊಡನೆ ಅದರ ಮೈ ಗಟ್ಟಿಯಾಗಿ ಸಿಪ್ಪೆ ಕಟ್ಟಿತು, ಒಳಗಿನ ಕುದಿ ಸಿಪ್ಪೆ ಸೀಳಿ ಮುಂದಕ್ಕೆ ಉಬ್ಬಿತು. ಒಂದು ಉಬ್ಬಿನ ಅಂಚಿನಲ್ಲಿ ಆ ಸಿಪ್ಪೆಯ ಗೆರೆ ಬೇರೆಯಾಗಿಯೇ ಕಾಣುತ್ತಿತ್ತು. ಹುಡುಗಿ ಅದರ ಮೇಲೆ ಉಗುರು ಎಳೆದು, "ಇಲ್ಲಿ ಉಪ್ಪು ಎಲ್ಲಿದೆ ಚಿಕ್ಕಮ್ಮ?" ಎಂದಳು. ಉಪ್ಪು ಮಳೆಗೆ ಕರಗುವ ವಸ್ತು, ಇಷ್ಟು ಕಾಲ ಹೇಗೆ ನಿಂತೀತು ಎಂದೆ. ಆದರೆ ಈ ಉಬ್ಬು ನೀರಿಲ್ಲದೆ ಆಗುವಂಥದ್ದಲ್ಲ. ಕಡಲು ಹೋದರೂ ಅದು ಇತ್ತೆನ್ನುವ ರುಜು ಎಲ್ಲೋ ಒಂದು ಕಡೆ ಉಳಿದಿರುತ್ತದೆ, ಹುಡುಕಿದವರ ಕಣ್ಣಿಗೆ ಬೀಳುತ್ತದೆ. ಗಂಡಕಿಯ ಸಾಲಿಗ್ರಾಮದೊಳಗಿನ ಸುರುಳಿಯೂ ಹಿಮಾಲಯ ಏಳುವ ಮೊದಲು ಅಲ್ಲಿದ್ದ ಟೆಥಿಸ್ ಸಮುದ್ರದ ಜೀವಿಯದೇ ಚಿಪ್ಪು. ಕಟ್ಟಿದ ಲೋಕವೇ ಆದರೂ ಅಲ್ಲಿ ಕಡಲೊಂದು ಇತ್ತು ಎನ್ನುವವರು ಇಂಥ ರುಜು ತೋರಿಸಲೇಬೇಕು. ಅವಳು ಅದನ್ನು ತೋರಿಸಲು ಹೊರಟಿದ್ದಾಳೆ. ಭಾವನವರು ಏನೇ ಹೇಳಲಿ, ಇದೂ ಓದೇ.

ಈಗ ಇತಿಹಾಸ ಹೊಸದಾಗಿ ಬರೆಯಲ್ಪಡುತ್ತಿದೆ. ಶಾಪ ಉಳಿದಿದೆ, ಆದರೆ ಅದು ಫಲಿಸಲು ಮೂರು ತಲೆಮಾರು ಹಿಡಿಯುತ್ತದೆ. ನನ್ನ ತಕರಾರು ಬಂದರಿನವರ ಬಗ್ಗೆ. "ಬೆಸ್ತರು ಊರು ಬಿಟ್ಟರು" ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದಳು. ಅಷ್ಟು ಸುಲಭಕ್ಕೆ ಯಾರು ಊರು ಬಿಡುತ್ತಾರೆ ಎಂದು ಕೇಳಿದೆ. ನಮ್ಮ ಕಡೆ ಕೊಳವೆ ಬಾವಿ ಬತ್ತಿದರೆ ಮೊದಲು ಇನ್ನೊಂದು ನೂರು ಅಡಿ ಇಳಿಸುತ್ತಾರೆ, ಬಳೆ ಅಡವಿಟ್ಟು ಪಕ್ಕದಲ್ಲಿ ಮತ್ತೊಂದು ಕೊರೆಸುತ್ತಾರೆ, ಬೆಂಗಳೂರಿನ ಬಸ್ಸು ಹತ್ತುವುದು ಎಲ್ಲ ಮುಗಿದ ಮೇಲೆ. ಅರಲ್ ದಡದ ಮುಯ್ನಾಕ್‌ನಲ್ಲೂ ಹಿಂದೆ ಸರಿಯುತ್ತಿದ್ದ ನೀರನ್ನು ಹಿಡಿಯಲು ಕಾಲುವೆ ತೋಡಿದರು, ಮೀನಿನ ಕಾರ್ಖಾನೆ ನಿಲ್ಲಬಾರದೆಂದು ದೂರದ ಸಮುದ್ರಗಳಿಂದ ಮೀನು ತರಿಸಿದರು.

ಅವಳು ಆ ಸಾಲನ್ನು ಹೊಡೆದು ಹಾಕಿದಳು. ಇರುಳ್ಗಡಲ ಬೆಸ್ತರೂ ಈಗ ಕಾಲುವೆ ತೋಡುತ್ತಿದ್ದಾರೆ. ಎಷ್ಟು ಕಾಲ ತೋಡಿಯಾರು ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ಹತ್ತು ವರ್ಷ ಸಾಕು ಎಂದು ಅವಳು, ಮೂವತ್ತಾದರೂ ಬೇಕು ಎಂದು ನಾನು.